ಹಸಿರು ಬಟನ್, ಕೆಂಪು ಬಟನ್, ನಡುವೆ ಒಂದು ಏಣಿ: ಪಿಎಲ್‌ಸಿ ಪ್ರೋಗ್ರಾಮಿಂಗ್ ಶುರು ಮಾಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಘಟನೆಯಿಂದಲೇ ಶುರು ಮಾಡ್ತೀನಿ.

ನಮ್ಮ ಅಕ್ಕನ ಮಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಪೀಣ್ಯದ ಕಡೆ ಒಂದು ಸಣ್ಣ ಪ್ಯಾಕಿಂಗ್ ಘಟಕದಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ. ಸೇರಿ ಮೂರು ತಿಂಗಳಾಗಿತ್ತು. ಒಂದು ರಾತ್ರಿ ಫೋನ್ ಬಂತು. ಧ್ವನಿ ನಡುಗ್ತಾ ಇತ್ತು. "ಮಾಮ, ಇವತ್ತು ಕನ್ವೇಯರ್ ಬೆಲ್ಟಿಗೆ ಒಬ್ಬರ ಅಂಗಿಯ ತೋಳು ಸಿಕ್ಕಿಕೊಳ್ತು. ಅವರು ಕೆಂಪು ಬಟನ್ ಒತ್ತಿದ್ರು. ಬೆಲ್ಟ್ ನಿಲ್ಲಲೇ ಇಲ್ಲ. ಪಕ್ಕದಲ್ಲಿದ್ದ ಅಣ್ಣ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದ್ದಕ್ಕೆ ಕೈ ಉಳೀತು."

ಆಮೇಲೆ ನೋಡಿದ್ರೆ ಆ ಕೆಂಪು ಬಟನ್ ಕೆಟ್ಟಿರಲಿಲ್ಲ. ಪ್ರೋಗ್ರಾಂನಲ್ಲಿ ಒಂದು ಎರರ್ ಕೂಡ ಇರಲಿಲ್ಲ. ಹಾಗಾದ್ರೆ ತಪ್ಪು ಎಲ್ಲಿತ್ತು? ಅದು ಗೊತ್ತಾಗಬೇಕಾದ್ರೆ ಆ ಯಂತ್ರವನ್ನು ನಡೆಸುವ ಪಿಎಲ್‌ಸಿ ಅಂದ್ರೇನು, ಅದಕ್ಕೆ ಪ್ರೋಗ್ರಾಂ ಬರೆಯೋದು ಹೇಗೆ ಅಂತ ತಿಳೀಬೇಕು. ಐಟಿಐ, ಡಿಪ್ಲೊಮಾ ಓದ್ತಾ ಇರೋ ಎಷ್ಟೋ ಮಂದಿಗೆ ಇದನ್ನು ಎಲ್ಲಿಂದ ಶುರು ಮಾಡೋದು ಅನ್ನೋದೇ ಪ್ರಶ್ನೆ. ಎರಡಕ್ಕೂ ಇವತ್ತು ಒಟ್ಟಿಗೆ ಉತ್ತರ ಹುಡುಕೋಣ.

ರಿಲೇಗಳಿಂದ ಪಿಎಲ್‌ಸಿವರೆಗೆ

ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್ ಅನ್ನೋದರ ಚಿಕ್ಕ ಹೆಸರೇ ಪಿಎಲ್‌ಸಿ. ಕಾರ್ಖಾನೆಯ ಪ್ಯಾನೆಲ್ ಬೋರ್ಡ್ ಒಳಗೆ ಕೂರುವ ಗಟ್ಟಿಮುಟ್ಟಾದ ಕಂಪ್ಯೂಟರ್ ಇದು. ಒಂದು ಕಡೆ ಬಟನ್, ಸೆನ್ಸರ್‌ಗಳ ವೈರ್ ಒಳಗೆ ಬರುತ್ತೆ, ಅದು ಇನ್‌ಪುಟ್. ಇನ್ನೊಂದು ಕಡೆಯಿಂದ ಮೋಟಾರಿನ ಕಾಂಟ್ಯಾಕ್ಟರ್, ವಾಲ್ವ್, ದೀಪಗಳಿಗೆ ವೈರ್ ಹೋಗುತ್ತೆ, ಅದು ಔಟ್‌ಪುಟ್. ಯಾವ ಇನ್‌ಪುಟ್ ಬಂದಾಗ ಯಾವ ಔಟ್‌ಪುಟ್ ಕೊಡಬೇಕು ಅನ್ನೋದೇ ಪ್ರೋಗ್ರಾಂ.

ಇದು ಬರುವ ಮೊದಲು ಆ ಕೆಲಸವನ್ನು ರಿಲೇಗಳು ಮಾಡ್ತಿದ್ದವು. ಗೋಡೆ ತುಂಬಾ ಪ್ಯಾನೆಲ್, ಅದರೊಳಗೆ ನೂರಾರು ರಿಲೇ, ಸಾವಿರಾರು ವೈರ್. ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಮಾಡೆಲ್ ಬದಲಾದಾಗಲೆಲ್ಲ ಆ ವೈರಿಂಗ್ ಕಿತ್ತು ಮತ್ತೆ ಹಾಕಬೇಕಿತ್ತು. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ವೈರ್ ಮುಟ್ಟದೆ ಬದಲಾಯಿಸಬಹುದಾದ ಒಂದು ಕಂಟ್ರೋಲರ್ ಬೇಕು ಅಂತ ಕೇಳಿತು. ಡಿಕ್ ಮಾರ್ಲಿ ಮತ್ತು ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ ಅವರ ಸಂಗಡಿಗರು ಮಾಡಿದ ಮೋಡಿಕಾನ್ 084 ಅದಕ್ಕೆ ಉತ್ತರವಾಯಿತು. ಅದು ಆ ಸಂಸ್ಥೆಯ 84ನೇ ಪ್ರಾಜೆಕ್ಟ್, ಅದಕ್ಕೇ ಆ ಸಂಖ್ಯೆ.

ಆದರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳು ಕಂಪ್ಯೂಟರ್ ಭಾಷೆ ಕಲಿತವರಲ್ಲ. ಅವರಿಗೆ ಗೊತ್ತಿದ್ದದ್ದು ರಿಲೇ ಡ್ರಾಯಿಂಗ್. ಹಾಗಾಗಿ ಪ್ರೋಗ್ರಾಂ ಕೂಡ ಆ ಡ್ರಾಯಿಂಗ್ ಥರಾನೇ ಕಾಣುವಂತೆ ಮಾಡಿದರು. ಎಡಕ್ಕೊಂದು ಬಲಕ್ಕೊಂದು ಉದ್ದ ಗೆರೆ, ನಡುವೆ ಅಡ್ಡ ಮೆಟ್ಟಿಲುಗಳು. ನೋಡೋಕೆ ಥೇಟ್ ಏಣಿ. ಅದಕ್ಕೇ ಅದರ ಹೆಸರು ಲ್ಯಾಡರ್.

1993ರಲ್ಲಿ ಬಂದ ಐಇಸಿ 61131-3 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಪಿಎಲ್‌ಸಿ ಭಾಷೆಗಳಿಗೆ ಒಂದು ಚೌಕಟ್ಟು ಹಾಕಿತು. ಚಿತ್ರದ ಮೂಲಕ ಬರೆಯೋದಕ್ಕೆ ಲ್ಯಾಡರ್, ಫಂಕ್ಷನ್ ಬ್ಲಾಕ್ ಡಯಾಗ್ರಾಂ, ಹಂತ ಹಂತವಾಗಿ ನಡೆಯುವ ಕೆಲಸಗಳಿಗೆ ಸೀಕ್ವೆನ್ಶಿಯಲ್ ಫಂಕ್ಷನ್ ಚಾರ್ಟ್. ಅಕ್ಷರದಲ್ಲಿ ಬರೆಯೋದಕ್ಕೆ ಸ್ಟ್ರಕ್ಚರ್ಡ್ ಟೆಕ್ಸ್ಟ್, ಮೊದಲು ಇನ್‌ಸ್ಟ್ರಕ್ಷನ್ ಲಿಸ್ಟ್ ಕೂಡ ಇತ್ತು. ಹೊಸದಾಗಿ ಶುರು ಮಾಡುವವರು ಲ್ಯಾಡರ್‌ನಿಂದಲೇ ಶುರು ಮಾಡಿ. ಮೇಂಟೆನೆನ್ಸ್ ಕೆಲಸದಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳೋದು ಅದೇ.

ಯಾವ ಸಾಫ್ಟ್‌ವೇರ್?

ಒಂದೊಂದು ಕಂಪನಿಯ ಪಿಎಲ್‌ಸಿಗೂ ಒಂದೊಂದು ಸಾಫ್ಟ್‌ವೇರ್. ಸೀಮೆನ್ಸ್‌ಗೆ ಟಿಐಎ ಪೋರ್ಟಲ್, ಮಿತ್ಸುಬಿಷಿಗೆ ಜಿಎಕ್ಸ್ ವರ್ಕ್ಸ್, ರಾಕ್‌ವೆಲ್‌ಗೆ ಸ್ಟುಡಿಯೋ 5000. ಇವುಗಳಿಗೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು. "ಯಾರೋ ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವ್‌ನಲ್ಲಿ ಕೊಡ್ತಾರೆ ಸರ್" ಅನ್ನೋರಿದ್ದಾರೆ. ಬೇಡ. ಅದೇ ಲ್ಯಾಪ್‌ಟಾಪನ್ನು ನಾಳೆ ಕಾರ್ಖಾನೆಯ ಯಂತ್ರಕ್ಕೆ ಜೋಡಿಸ್ತೀರಿ, ನೆನಪಿರಲಿ. ಅದರಲ್ಲಿರೋ ವೈರಸ್ಸೂ ಜೊತೆಗೇ ಹೋಗುತ್ತೆ.

ಕಲಿಯೋದಕ್ಕೆ ಉಚಿತ ದಾರಿಗಳಿವೆ. ಜರ್ಮನಿಯ ಕೋಡೆಸಿಸ್ ತಂತ್ರಾಂಶವನ್ನು ಅವರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಸಿಮ್ಯುಲೇಶನ್ ಇದೆ. ಅಂದ್ರೆ ಪಿಎಲ್‌ಸಿ ಕೈಯಲ್ಲಿ ಇಲ್ಲದೆಯೇ ಲ್ಯಾಪ್‌ಟಾಪ್‌ನಲ್ಲಿ ಪ್ರೋಗ್ರಾಂ ಓಡಿಸಿ ನೋಡಬಹುದು. ಓಪನ್‌ಪಿಎಲ್‌ಸಿ ಅಂತ ಇನ್ನೊಂದು ಮುಕ್ತ ತಂತ್ರಾಂಶ ಇದೆ, ಅದು ರಾಸ್ಪ್‌ಬೆರಿ ಪೈ ಮೇಲೂ ಓಡುತ್ತೆ. ಒಂದರಲ್ಲಿ ಲ್ಯಾಡರ್ ಚೆನ್ನಾಗಿ ಕಲಿತರೆ ಇನ್ನೊಂದಕ್ಕೆ ಹೋದಾಗ ಮೆನು ಬದಲಾಗುತ್ತೆ ಅಷ್ಟೇ, ಯೋಚನೆ ಅದೇ ಇರುತ್ತೆ.

ಮೊದಲ ಮೆಟ್ಟಿಲು: ಪಂಪ್‌ಸೆಟ್ ಸ್ಟಾರ್ಟರ್

ನಮ್ಮ ಊರುಗಳಲ್ಲಿ ಬೋರ್‌ವೆಲ್ ಸ್ಟಾರ್ಟರ್ ನೋಡದವರಿಲ್ಲ. ಹಸಿರು ಬಟನ್ ಒತ್ತಿ ಬೆರಳು ತೆಗೀತೀರಿ, ಮೋಟಾರ್ ಓಡ್ತಾನೇ ಇರುತ್ತೆ. ಕೆಂಪು ಒತ್ತಿದ್ರೆ ನಿಲ್ಲುತ್ತೆ. ಬೆರಳು ತೆಗೆದ ಮೇಲೂ ಹೇಗೆ ಓಡುತ್ತೆ? ಒಳಗಿನ ಕಾಂಟ್ಯಾಕ್ಟರ್ ಒಮ್ಮೆ ಎಳೆದುಕೊಂಡರೆ, ಅದರದ್ದೇ ಒಂದು ಸಣ್ಣ ಕಾಂಟ್ಯಾಕ್ಟ್ ಹಸಿರು ಬಟನ್‌ಗೆ ಸಮಾನಾಂತರವಾಗಿ ಕೂಡಿಕೊಂಡು ಕರೆಂಟ್ ಹರಿಯೋ ದಾರಿಯನ್ನು ಹಿಡಿದಿಡುತ್ತೆ. ಇದಕ್ಕೆ ಹೋಲ್ಡಿಂಗ್ ಅಂತಾರೆ. ಲ್ಯಾಡರ್‌ನಲ್ಲಿ ಎಲ್ಲರೂ ಬರೆಯುವ ಮೊದಲ ಪಾಠವೂ ಇದೇ.

ಕೋಡೆಸಿಸ್‌ನಲ್ಲಿ ಹೊಸ ಸ್ಟ್ಯಾಂಡರ್ಡ್ ಪ್ರಾಜೆಕ್ಟ್ ತೆಗೆಯಿರಿ, ಭಾಷೆಯಾಗಿ ಲ್ಯಾಡರ್ ಆರಿಸಿ. ಮೂರು ವೇರಿಯೇಬಲ್ ಬರೆಯಿರಿ: ಸ್ಟಾರ್ಟ್, ಸ್ಟಾಪ್, ಮೋಟಾರ್. ಮೂರೂ ಬೂಲ್ ಮಾದರಿಯವು, ಅಂದ್ರೆ ಹೌದು ಅಥವಾ ಇಲ್ಲ ಎರಡೇ ಬೆಲೆ. ಮೆಟ್ಟಿಲಿನ ಎಡಗಡೆ ಸ್ಟಾರ್ಟ್ ಕಾಂಟ್ಯಾಕ್ಟ್, ಅದಕ್ಕೆ ಸಮಾನಾಂತರವಾಗಿ ಮೋಟಾರ್ ಹೆಸರಿನದೇ ಕಾಂಟ್ಯಾಕ್ಟ್. ಆಮೇಲೆ ಸಾಲಿನಲ್ಲಿ ಸ್ಟಾಪ್ ಕಾಂಟ್ಯಾಕ್ಟ್. ಬಲತುದಿಯಲ್ಲಿ ಮೋಟಾರ್ ಕಾಯಿಲ್. ಆನ್‌ಲೈನ್ ಮೆನುವಿನಲ್ಲಿ ಸಿಮ್ಯುಲೇಶನ್ ಆರಿಸಿ, ಲಾಗಿನ್ ಆಗಿ, ಸ್ಟಾರ್ಟ್ ಕೊಡಿ.

ಈಗ ಮೊದಲು ಸ್ಟಾಪ್ ಬೆಲೆಯನ್ನು ಟ್ರೂ ಮಾಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಸ್ಟಾರ್ಟ್ ಟ್ರೂ ಮಾಡಿದ ಕೂಡಲೇ ಮೋಟಾರ್ ಟ್ರೂ ಆಗುತ್ತೆ. ಸ್ಟಾರ್ಟನ್ನು ಮತ್ತೆ ಫಾಲ್ಸ್ ಮಾಡಿ. ಮೋಟಾರ್ ಹಾಗೇ ಇರುತ್ತೆ. ಸ್ಟಾಪ್ ಫಾಲ್ಸ್ ಮಾಡಿ, ಮೋಟಾರ್ ಬಿತ್ತು. ಸ್ಟಾಪನ್ನು ಪುನಃ ಟ್ರೂ ಮಾಡಿದ್ರೂ ತಾನಾಗಿ ಶುರುವಾಗಲ್ಲ. ಇದು ಮುಖ್ಯ. ಕರೆಂಟ್ ಹೋಗಿ ಬಂದಾಗಲೂ ಹೀಗೇ ಆಗಬೇಕು. ತೋಟದಲ್ಲಿ ಆಟೋ ಸ್ಟಾರ್ಟರ್ ಅನುಕೂಲ ಇರಬಹುದು, ಆದರೆ ಕರೆಂಟ್ ಇಲ್ಲ ಅಂತ ಯಂತ್ರದೊಳಗೆ ಕೈ ಹಾಕಿ ಕ್ಲೀನ್ ಮಾಡ್ತಿರುವವರ ಮೇಲೆ ಯಂತ್ರ ತಾನಾಗಿ ಶುರುವಾಗಬಾರದು.

ಪಿಎಲ್‌ಸಿ ಓದೋದು ಹೇಗೆ

ಪಿಎಲ್‌ಸಿ ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡುತ್ತೆ. ಎಲ್ಲಾ ಇನ್‌ಪುಟ್ ಓದುತ್ತೆ, ಪ್ರೋಗ್ರಾಂ ಅನ್ನು ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೆ ಲೆಕ್ಕ ಹಾಕುತ್ತೆ, ಕೊನೆಗೆ ಔಟ್‌ಪುಟ್ ಬರೆಯುತ್ತೆ. ಇದಕ್ಕೆ ಸ್ಕ್ಯಾನ್ ಅಂತ ಹೆಸರು. ಸಾಮಾನ್ಯವಾಗಿ ಒಂದು ಸುತ್ತು ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತೆ.

ಇಲ್ಲಿಂದಲೇ ಹೊಸಬರ ಮೊದಲ ತಪ್ಪು ಹುಟ್ಟೋದು. ಮೋಟಾರ್ ಕಾಯಿಲನ್ನು ಎರಡು ಕಡೆ ಬರೆದುಬಿಡ್ತಾರೆ: 3ನೇ ಮೆಟ್ಟಿಲಲ್ಲಿ ಒಂದು, 20ನೇ ಮೆಟ್ಟಿಲಲ್ಲಿ ಇನ್ನೊಂದು. 3ನೇದು ಆನ್ ಅನ್ನುತ್ತೆ, 20ನೇದು ಆಫ್ ಅನ್ನುತ್ತೆ. ಔಟ್‌ಪುಟ್ ಬರೆಯೋದು ಕೊನೆಗೆ ಆದ್ದರಿಂದ ಕೊನೆಯ ಮಾತೇ ನಡೆಯುತ್ತೆ. ಮೋಟಾರ್ ಯಾಕೆ ಓಡ್ತಿಲ್ಲ ಅಂತ ದಿನವಿಡೀ ತಲೆ ಕೆರೆದುಕೊಳ್ತಾರೆ. ನಿಯಮ ಸರಳ: ಒಂದು ಔಟ್‌ಪುಟ್‌ಗೆ ಒಂದೇ ಕಾಯಿಲ್.

ಎರಡನೇ ಪಾಠ: ಸ್ಟಾರ್ ಡೆಲ್ಟಾ

ಹೋಲ್ಡಿಂಗ್ ಕೈಗೆ ಹತ್ತಿದ ಮೇಲೆ ಟೈಮರ್. ದೊಡ್ಡ ಮೋಟಾರನ್ನು ಮೊದಲು ಸ್ಟಾರ್‌ನಲ್ಲಿ ಓಡಿಸಿ, ವೇಗ ಹಿಡಿದ ಮೇಲೆ ಡೆಲ್ಟಾಗೆ ಬದಲಿಸ್ತಾರೆ. ಶುರುವಿನಲ್ಲಿ ಎಳೆಯೋ ಕರೆಂಟ್ ಕಡಿಮೆಯಾಗಲಿ ಅಂತ. ಟಿಓಎನ್ ಅನ್ನೋ ಟೈಮರ್ ಬ್ಲಾಕ್ ತಗೊಳ್ಳಿ, 8 ಸೆಕೆಂಡ್ ಕೊಡಿ. ಮೋಟಾರ್ ಶುರುವಾದಾಗ ಟೈಮರ್ ಎಣಿಸೋಕೆ ಶುರು ಮಾಡುತ್ತೆ. ಮುಗಿಯುವವರೆಗೆ ಸ್ಟಾರ್, ಮುಗಿದ ಮೇಲೆ ಡೆಲ್ಟಾ.

ಇಲ್ಲಿ ಒಂದು ಅಪಾಯ ಇದೆ. ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಕೂತರೆ ಫೇಸ್‌ಗಳು ನೇರ ಶಾರ್ಟ್ ಆಗುತ್ತವೆ. ಹಾಗಾಗಿ ಸ್ಟಾರ್ ಮೆಟ್ಟಿಲಲ್ಲಿ ಡೆಲ್ಟಾದ ಉಲ್ಟಾ ಕಾಂಟ್ಯಾಕ್ಟ್, ಡೆಲ್ಟಾ ಮೆಟ್ಟಿಲಲ್ಲಿ ಸ್ಟಾರ್‌ನ ಉಲ್ಟಾ ಕಾಂಟ್ಯಾಕ್ಟ್ ಹಾಕಬೇಕು. ಇದೇ ಇಂಟರ್‌ಲಾಕ್. ಅಷ್ಟಕ್ಕೇ ಬಿಡಬೇಡಿ. ಪ್ರೋಗ್ರಾಂ ಮಿಲಿಸೆಕೆಂಡಿನಲ್ಲಿ ಮನಸ್ಸು ಬದಲಿಸುತ್ತೆ, ಕಬ್ಬಿಣದ ಕಾಂಟ್ಯಾಕ್ಟರ್‌ಗೆ ಬಿಡೋದಕ್ಕೆ ಇನ್ನೂ ಹೊತ್ತು ಬೇಕು. ಎರಡರ ನಡುವೆ ಚೂರು ಗ್ಯಾಪ್ ಕೊಡಿ. ವೈರಿಂಗ್‌ನಲ್ಲೂ ಇಂಟರ್‌ಲಾಕ್ ಹಾಕಿ. ಕಾಂಟ್ಯಾಕ್ಟರ್ ಸುಟ್ಟು ಅಂಟಿಕೊಂಡಿದ್ರೆ ಅದು ಪ್ರೋಗ್ರಾಂಗೆ ಕಾಣಿಸೋದೇ ಇಲ್ಲ.

ಆ ಕೆಂಪು ಬಟನ್‌ನ ಕಥೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ಟಾಪ್ ಬಟನ್‌ನಲ್ಲಿ ಎನ್‌ಸಿ ಕಾಂಟ್ಯಾಕ್ಟ್ ಬಳಸಬೇಕು. ಅಂದ್ರೆ ಒತ್ತದೇ ಇದ್ದಾಗ ಕರೆಂಟ್ ಹರೀತಾ ಇರುತ್ತೆ, ಒತ್ತಿದಾಗ ಕಡಿಯುತ್ತೆ. ಹಾಗಾಗಿ ಎಲ್ಲಾ ಸರಿ ಇದ್ದಾಗ ಪಿಎಲ್‌ಸಿಗೆ ಸ್ಟಾಪ್ ಇನ್‌ಪುಟ್ ಟ್ರೂ ಅಂತಲೇ ಕಾಣುತ್ತೆ. ಸಿಮ್ಯುಲೇಶನ್‌ನಲ್ಲಿ ಮೊದಲು ಸ್ಟಾಪ್ ಟ್ರೂ ಮಾಡಿ ಅಂದದ್ದು ಇದಕ್ಕೇ. ಪ್ರೋಗ್ರಾಂನಲ್ಲಿ ಅದಕ್ಕೆ ಸಾಧಾರಣ ಕಾಂಟ್ಯಾಕ್ಟ್ ಹಾಕಬೇಕು, ಅಡ್ಡಗೆರೆ ಇರುವ ಉಲ್ಟಾ ಕಾಂಟ್ಯಾಕ್ಟ್ ಅಲ್ಲ.

ಹೊಸಬರಿಗೆ ಗೊಂದಲ ಆಗೋದು ಇಲ್ಲೇ. ರಿಲೇ ಡ್ರಾಯಿಂಗ್‌ನಲ್ಲಿ ಸ್ಟಾಪ್ ಎನ್‌ಸಿ ಇದೆ ಅಂತ ಪ್ರೋಗ್ರಾಂನಲ್ಲೂ ಉಲ್ಟಾ ಕಾಂಟ್ಯಾಕ್ಟ್ ಬರೀತಾರೆ. ಯಂತ್ರ ಶುರುವಾಗಲ್ಲ. ಪ್ರೋಗ್ರಾಂ ತಿದ್ದೋ ಬದಲು, ಬಟನ್ ಹಿಂದಿನ ಕಾಂಟ್ಯಾಕ್ಟ್ ಬದಲಿಸಿ ಎನ್‌ಓ ಹಾಕಿಬಿಡ್ತಾರೆ. ಈಗ ಎಲ್ಲಾ ಸರಿ! ಹಸಿರಿಗೆ ಓಡುತ್ತೆ, ಕೆಂಪಿಗೆ ನಿಲ್ಲುತ್ತೆ. ಟ್ರಯಲ್ ಪಾಸ್, ಬಿಲ್ ಪಾಸ್.

ನಮ್ಮ ಹುಡುಗನ ಘಟಕದಲ್ಲಿ ಆಗಿದ್ದೂ ಅದೇ. ಯಾರೋ ಎಂದೋ ಹೀಗೆ ಮಾಡಿ ಹೋಗಿದ್ದರು. ಬೆಲ್ಟಿನ ಅದುರುವಿಕೆಗೆ ಬಟನ್‌ನ ವೈರ್ ಟರ್ಮಿನಲ್‌ನಿಂದ ಕಳಚಿತ್ತು. ಎನ್‌ಸಿ ಆಗಿದ್ದರೆ ವೈರ್ ಕಳಚಿದ ಕ್ಷಣವೇ ಯಂತ್ರ ನಿಲ್ತಿತ್ತು, ಬೈದುಕೊಂಡಾದ್ರೂ ಯಾರಾದರೂ ಸರಿ ಮಾಡ್ತಿದ್ದರು. ಎನ್‌ಓ ಆದ್ದರಿಂದ ವೈರ್ ಕಳಚಿದ್ದು ಯಾರಿಗೂ ಗೊತ್ತಾಗಲಿಲ್ಲ. ಪ್ರಾಣಕ್ಕೆ ಬಂದಾಗ ಒತ್ತಿದ ಬಟನ್‌ನ ಸುದ್ದಿ ಪಿಎಲ್‌ಸಿಗೆ ಮುಟ್ಟಲೇ ಇಲ್ಲ.

ಇನ್ನೊಂದು ಮಾತು. ತುರ್ತು ನಿಲುಗಡೆಯನ್ನು, ಅಂದ್ರೆ ಎಮರ್ಜೆನ್ಸಿ ಸ್ಟಾಪನ್ನು, ಸಾಧಾರಣ ಪಿಎಲ್‌ಸಿಯ ಪ್ರೋಗ್ರಾಂ ಒಂದನ್ನೇ ನಂಬಿ ಬಿಡಬಾರದು. ಅದಕ್ಕೆ ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ ಇದೆ. ಎಮರ್ಜೆನ್ಸಿ ಸ್ಟಾಪ್ ಹೇಗಿರಬೇಕು ಅನ್ನೋದಕ್ಕೆ ಐಎಸ್‌ಓ 13850 ಅಂತ ಪ್ರತ್ಯೇಕ ಮಾನದಂಡವೇ ಇದೆ.

ಯಂತ್ರದ ಮುಂದೆ ಕೂತಾಗ

ಸಿಮ್ಯುಲೇಶನ್ ದಾಟಿ ನಿಜವಾದ ಯಂತ್ರಕ್ಕೆ ಲ್ಯಾಪ್‌ಟಾಪ್ ಜೋಡಿಸುವ ದಿನ ಬರುತ್ತೆ. ಆಗ ನಾಲ್ಕು ವಿಷಯ ಮರೀಬೇಡಿ.

ಒಂದು, ಏನನ್ನಾದರೂ ಬದಲಿಸುವ ಮೊದಲು ಈಗಿರುವ ಪ್ರೋಗ್ರಾಂನ ಬ್ಯಾಕಪ್ ತಗೊಳ್ಳಿ. ಎರಡು, ಡೌನ್‌ಲೋಡ್ ಅಂದ್ರೆ ಇಲ್ಲಿ ನಿಮ್ಮ ಲ್ಯಾಪ್‌ಟಾಪ್‌ನಿಂದ ಪಿಎಲ್‌ಸಿಗೆ ಹೋಗೋದು, ಅಪ್‌ಲೋಡ್ ಅಂದ್ರೆ ಪಿಎಲ್‌ಸಿಯಿಂದ ಲ್ಯಾಪ್‌ಟಾಪ್‌ಗೆ ಬರೋದು. ಉಲ್ಟಾ ತಿಳಿದು ಒತ್ತಿದ್ರೆ ಹಳೆಯ ಪ್ರೋಗ್ರಾಂ ಅಳಿಸಿಹೋಗುತ್ತೆ. ಮೂರು, ಫೋರ್ಸ್ ಅನ್ನೋ ಆಯ್ಕೆ ಇದೆ. ಸೆನ್ಸರ್ ಏನೇ ಹೇಳಲಿ, ನೀವು ಕೊಟ್ಟ ಬೆಲೆಯನ್ನೇ ಅದು ಹಿಡಿದಿಡುತ್ತೆ. ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ, ಯಂತ್ರದ ಹತ್ತಿರ ಯಾರಾದರೂ ಇದ್ದರೆ ಮುಟ್ಟಲೇಬೇಡಿ. ನಾಲ್ಕು, ಪ್ರತಿ ಮೆಟ್ಟಿಲಿಗೂ ಒಂದು ಸಾಲು ಕಾಮೆಂಟ್ ಬರೆಯಿರಿ. ರಾತ್ರಿ ಪಾಳಿಯಲ್ಲಿ ಅದನ್ನು ಓದುವ ಹುಡುಗ ನಿಮಗೆ ಕೈ ಮುಗೀತಾನೆ.

ರಸ್ತೆ ಬದಿಯಲ್ಲಿ ಅವಸರವೇ ಅಪಘಾತಕ್ಕೆ ಕಾರಣ ಅಂತ ಬರೆದಿರ್ತಾರಲ್ಲ, ಪ್ಯಾನೆಲ್ ಬಾಗಿಲಿಗೂ ಆ ಮಾತು ಸಲ್ಲುತ್ತೆ.

ನಮ್ಮ ಹುಡುಗ ಆ ಬಟನ್ ಕಾಂಟ್ಯಾಕ್ಟನ್ನು ಎನ್‌ಸಿಗೆ ಬದಲಿಸಿ, ಪ್ರೋಗ್ರಾಂ ತಿದ್ದಿದ. ಮಾಲೀಕರು ಸೇಫ್ಟಿ ರಿಲೇ ಹಾಕಿಸಿ, ಬೆಲ್ಟಿನ ಉದ್ದಕ್ಕೂ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಹಾಕಿಸಿದರು. ಮೊನ್ನೆ ಮನೆಗೆ ಬಂದಿದ್ದ. "ಈಗ ಪ್ರೋಗ್ರಾಂ ಬರೆಯುವಾಗ ಮೊದಲು ಏನು ನೋಡ್ತೀಯೋ?" ಅಂತ ಕೇಳಿದೆ. "ಯಂತ್ರ ಹೇಗೆ ಶುರುವಾಗುತ್ತೆ ಅಂತ ಎಲ್ಲರೂ ನೋಡ್ತಾರೆ ಮಾಮ. ನಾನು ಒಂದೊಂದೇ ವೈರ್ ಕಿತ್ತು, ಯಂತ್ರ ನಿಲ್ಲುತ್ತಾ ಅಂತ ನೋಡ್ತೀನಿ" ಅಂದ.

ನೀವು ಶುರು ಮಾಡೋದಾದ್ರೆ ಈ ಭಾನುವಾರ ಆ ಒಂದು ಮೆಟ್ಟಿಲು ಬರೆದು ನೋಡಿ.