ಬರ್ಲಿನ್ನಿನ ಎರಡು ಗೋಪುರ, ಒಂದೇ ತರಂಗಾಂತರ

ಬರ್ಲಿನ್ನಿನ ನಟ್ಟನಡುವೆ, ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದ ಬಳಿ, 368 ಮೀಟರ್ ಎತ್ತರದ ಟಿ.ವಿ. ಗೋಪುರವಿದೆ. 1969ರಲ್ಲಿ ಪೂರ್ವ ಜರ್ಮನಿ ಕಟ್ಟಿದ್ದು ಅದು. ಅಲ್ಲಿಂದ ನೈರುತ್ಯಕ್ಕೆ ಸುಮಾರು 22 ಕಿ.ಮೀ. ದೂರದಲ್ಲಿ, ಶೇಫರ್‌ಬೆರ್ಗ್ ಗುಡ್ಡದ ನೆತ್ತಿಯಲ್ಲಿ 212 ಮೀಟರಿನ ಇನ್ನೊಂದು ಗೋಪುರ. ಸುತ್ತಲೂ ಪೂರ್ವ ಜರ್ಮನಿಯೇ ಇದ್ದಾಗ ಪಶ್ಚಿಮದೊಂದಿಗೆ ಸಂಪರ್ಕ ಕಡಿಯದಿರಲೆಂದು ಪಶ್ಚಿಮ ಬರ್ಲಿನ್ನಿನವರು 1960ರ ದಶಕದಲ್ಲಿ ಎತ್ತಿದ್ದು. ಒಂದು ಕಾಲದ ಎದುರಾಳಿಗಳ ಈ ಎರಡು ಗೋಪುರಗಳು ಡಿಜಿಟಲ್ ಯುಗದಲ್ಲಿ ಒಂದೇ ತರಂಗಾಂತರದಲ್ಲಿ, ಒಂದೇ ಕ್ಷಣಕ್ಕೆ ಒಂದೇ ಸಂಕೇತ ಬಿತ್ತರಿಸುವ ಜೋಡಿಯಾದವು.

ಹಳೆಯ ಅನಲಾಗ್ ಟಿ.ವಿ.ಯಲ್ಲಿ ಇದು ಆಗದ ಮಾತು. ಅಕ್ಕಪಕ್ಕದ ಎರಡು ಪ್ರಸಾರಕಗಳು ಒಂದೇ ತರಂಗಾಂತರ ಬಳಸಿದರೆ ಚಿತ್ರವೇ ಕಲಸಿಹೋಗುತ್ತಿತ್ತು. ಜಾತ್ರೆ ಮೈದಾನದ ಎರಡು ತುದಿಯ ಧ್ವನಿವರ್ಧಕಗಳಲ್ಲಿ ಒಂದೇ ಹಾಡು ಹಿಂದುಮುಂದಾಗಿ ಕಿವಿಗೆ ಬಿದ್ದು ಗೋಜಲಾಗುವ ಹಾಗೆ.

ಡಿಜಿಟಲ್ ಪದ್ಧತಿ ಈ ಗೋಜಲನ್ನು ಬಿಡಿಸಿದ ರೀತಿ ನಿಜಕ್ಕೂ ಸೊಗಸಾದದ್ದು. ಡಿವಿಬಿ-ಟಿ ಎಂಬ ಡಿಜಿಟಲ್ ಟಿ.ವಿ. ಪ್ರಸಾರ ಪದ್ಧತಿಯ ‘8ಕೆ’ ವಿಧಾನದಲ್ಲಿ ಒಂದು ಚಾನೆಲ್ಲಿನ ಮಾಹಿತಿಯನ್ನು 6,817 ಸಣ್ಣ ಸಣ್ಣ ವಾಹಕ ತರಂಗಗಳಿಗೆ ಹಂಚಲಾಗುತ್ತದೆ. ಹೊರೆ ಹಂಚಿಹೋಗುವುದರಿಂದ ಪ್ರತಿಯೊಂದೂ ನಿಧಾನವಾಗಿ ಸಾಗಬಹುದು: ಒಂದೊಂದು ಸಂಕೇತಕ್ಕೂ 896 ಮೈಕ್ರೊಸೆಕೆಂಡು. ಅದರ ಮುಂದೆ ಕಾವಲಿನಂತೆ ಒಂದಿಷ್ಟು ಬಿಡುವು. ಆ ಅವಧಿಯ ಎಂಟನೇ ಒಂದು ಭಾಗವೆಂದರೆ 112 ಮೈಕ್ರೊಸೆಕೆಂಡು. ಅಷ್ಟರೊಳಗೆ ಬಂದು ಸೇರುವ ಪ್ರತಿಧ್ವನಿಯೂ, ಎರಡನೇ ಗೋಪುರದ ಸಂಕೇತವೂ ತೊಂದರೆ ಕೊಡುವುದಿಲ್ಲ. ಎಷ್ಟೋ ಸಲ ಬಲವನ್ನೇ ಕೂಡಿಸುತ್ತವೆ. ರೇಡಿಯೊ ಅಲೆ ಆ ಹೊತ್ತಿನಲ್ಲಿ 33 ಕಿ.ಮೀ. ದಾಟುತ್ತದೆ. ಗೋಪುರಗಳ ನಡುವೆ 22 ಕಿ.ಮೀ. ಮಾತ್ರ ಇರುವಾಗ, ನೋಡುಗ ಎಲ್ಲೇ ಕುಳಿತಿರಲಿ, ಎರಡು ಸಂಕೇತಗಳ ನೇರ ದಾರಿಯ ಅಂತರ ಸುಮಾರು 74 ಮೈಕ್ರೊಸೆಕೆಂಡು ಮೀರದು. ನಗರದ ಪ್ರಸಾರ ಜಾಲ ರೂಪಿಸುವವರ ಮೊದಲ ಲೆಕ್ಕ ಇದೇ.

ಎರಡೂ ಕಡೆ ಗಡಿಯಾರ ಒಂದೇ ಆಗಿರಬೇಕು. ಅದಕ್ಕೆ ಜಿಪಿಎಸ್ ಉಪಗ್ರಹಗಳ ಸಮಯವೇ ಆಧಾರ. ಕಾರ್ಯಕ್ರಮದ ಹರಿವಿನಲ್ಲಿ ಸಮಯದ ಗುರುತು ಸೇರಿಸುತ್ತಾರೆ. ಗೋಪುರಗಳು ಅದನ್ನು ನೋಡಿಕೊಂಡು ಹೊತ್ತಿಗೆ ಸರಿಯಾಗಿ ಬಿತ್ತರಿಸುತ್ತವೆ. ಗೋಪುರಗಳು ಇನ್ನೂ ದೂರದೂರವಿರುವ ಜಾಲಗಳಲ್ಲಿ ಬೇಕೆಂದೇ ಒಂದನ್ನು ಕೆಲವು ಮೈಕ್ರೊಸೆಕೆಂಡು ತಡಮಾಡಿ, ತೊಡಕಿನ ಪ್ರದೇಶವನ್ನು ಜನವಸತಿಯಿಲ್ಲದ ಕಡೆ ಸರಿಸುವುದೂ ಉಂಟು.

ನಿಜವಾದ ಕಷ್ಟ ಇರುವುದು ಮನೆಯೊಳಗೆ. ಛಾವಣಿಯ ಮೇಲೆ 10 ಮೀಟರ್ ಎತ್ತರದಲ್ಲಿ ಆ್ಯಂಟೆನಾ ಇದ್ದರೆ ಕೆಲಸ ಸುಲಭ. ಬರ್ಲಿನ್ನಿನಲ್ಲಿ ಬಹುಪಾಲು ಬಾಡಿಗೆದಾರರು, ಛಾವಣಿ ಅವರದಲ್ಲ. ಟಿ.ವಿ. ಪಕ್ಕದ ಗೇಣುದ್ದದ ಆ್ಯಂಟೆನಾಗೇ ಸಂಕೇತ ಮುಟ್ಟಬೇಕು. ಗೋಡೆ ದಾಟುವಷ್ಟರಲ್ಲಿ ಟಿ.ವಿ. ಪ್ರಸಾರದ ಯುಎಚ್‌ಎಫ್ ಸಂಕೇತದ ಶಕ್ತಿ ಸರಾಸರಿ 8 ಡೆಸಿಬಲ್, ಅಂದರೆ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂದು ಪ್ರಸಾರ ತರಂಗಾಂತರಗಳ ಕುರಿತ 2006ರ ಜಿನೀವಾ ಒಪ್ಪಂದದ ಲೆಕ್ಕ. ಅದೂ ಅಲ್ಲದೆ, ಅನಲಾಗ್ ಚಿತ್ರ ಸಂಕೇತ ಕುಂದಿದಂತೆ ಮಸುಕಾಗುತ್ತ ಹೋಗುತ್ತಿತ್ತು. ಡಿಜಿಟಲ್ ಚಿತ್ರ ಒಮ್ಮೆಗೇ ಮಾಯವಾಗುತ್ತದೆ. ಆದ್ದರಿಂದ ಒಂದು ಪ್ರದೇಶದ 70% ಜಾಗಗಳಲ್ಲಿ ಸಂಕೇತ ಸಿಕ್ಕರೆ ‘ಪರವಾಗಿಲ್ಲ’, 95% ಜಾಗಗಳಲ್ಲಿ ಸಿಕ್ಕರೆ ಮಾತ್ರ ‘ಚೆನ್ನಾಗಿದೆ’ ಎಂಬುದು ಈ ಕಸುಬಿನ ಅಳತೆ. ಒಂದೇ ಗೋಪುರದ ಶಕ್ತಿ ಏರಿಸುತ್ತ ಹೋದರೂ ಕಟ್ಟಡದ ಹಿಂದಿನ ನೆರಳು ಹಾಗೇ ಉಳಿಯುತ್ತದೆ. ಇನ್ನೊಂದು ದಿಕ್ಕಿನಿಂದ ಬರುವ ಸಂಕೇತ ಆ ನೆರಳಿಗೆ ನುಗ್ಗಬಲ್ಲದು.

ಬರ್ಲಿನ್ನಿನಲ್ಲಿ ಡಿಜಿಟಲ್ ಪ್ರಸಾರ ಶುರುವಾದದ್ದು 2002ರ ನವೆಂಬರಿನಲ್ಲಿ. 2003ರ ಆಗಸ್ಟ್ 4ರಂದು ಅನಲಾಗ್ ಪ್ರಸಾರ ಪೂರ್ತಿ ನಿಂತಿತು. ಹೀಗೆ ನಿಲ್ಲಿಸಿದ ಜಗತ್ತಿನ ಮೊದಲ ಪ್ರದೇಶ ಅದು. ಹೆಚ್ಚಿನ ಮನೆಗಳಲ್ಲಿ ಕೇಬಲ್ ಇದ್ದುದರಿಂದ ಕೆಲಸ ಹಗುರವಾಯಿತು, ನಿಜ. ಆದರೂ ಆ್ಯಂಟೆನಾವನ್ನೇ ನಂಬಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿದ್ದವು. ಬಡ ಕುಟುಂಬಗಳಿಗೆ ಸೆಟ್‌ಟಾಪ್ ಬಾಕ್ಸ್ ಕೊಳ್ಳಲು ನೆರವು ಸಿಕ್ಕಿತು. ಆ್ಯಂಟೆನಾದಲ್ಲಿ ಸಿಗುವ ವಾಹಿನಿಗಳು 25 ದಾಟಿದವು. ತಂತ್ರಜ್ಞಾನದಷ್ಟೇ ಮೆಚ್ಚಬೇಕಾದದ್ದು ಬಡ ಕುಟುಂಬಗಳ ಬಗೆಗಿನ ಈ ಕಾಳಜಿ.

2017ರ ಮಾರ್ಚ್ 29ರಂದು ಬರ್ಲಿನ್ ಮುಂದಿನ ಪೀಳಿಗೆಯ ಡಿವಿಬಿ-ಟಿ2ಗೆ ದಾಟಿತು. ಅದೇ ಪದ್ಧತಿಯ ಪ್ರಸಾರವನ್ನು ನಮ್ಮ ದೂರದರ್ಶನ 2016ರ ಫೆಬ್ರವರಿಯಲ್ಲೇ 16 ನಗರಗಳಲ್ಲಿ ಆರಂಭಿಸಿತ್ತು. ಅವುಗಳಲ್ಲಿ ಬೆಂಗಳೂರೂ ಒಂದು. ಬಹುಮಹಡಿ ಕಟ್ಟಡಗಳು ದಿನದಿನಕ್ಕೆ ಏಳುತ್ತಿರುವ ಬೆಂಗಳೂರಿನಂಥ ಊರಿಗೆ ಎತ್ತರದ ಒಂಟಿ ಗೋಪುರಕ್ಕಿಂತ, ಒಂದೇ ತರಂಗಾಂತರದಲ್ಲಿ ದುಡಿಯುವ ಎರಡು ಮೂರು ಗೋಪುರಗಳೇ ಹೆಚ್ಚು ಹೊಂದುತ್ತವೆ.