ಪ್ರಮಾಣ: ಯಾವ ಆಧಾರವನ್ನು ಒಪ್ಪಬಹುದು?

‘ಪ್ರಮಾಣ’ ಎಂಬ ಪದ ಮನೆಮಾತಿನಲ್ಲಿ ಹಲವು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಅಳತೆಯೂ ಪ್ರಮಾಣ, ದೇವರ ಮುಂದೆ ಇಡುವ ಆಣೆಯೂ ಪ್ರಮಾಣ. ಜೈನ ಶಾಸ್ತ್ರದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಸಂಶಯ, ವಿಪರ್ಯಯ (ತಪ್ಪು ತಿಳಿವಳಿಕೆ), ಅನಧ್ಯವಸಾಯ (ನಿಶ್ಚಯವಿಲ್ಲದಿರುವುದು) ಈ ಮೂರು ದೋಷಗಳಿಲ್ಲದ ಸಮ್ಯಗ್ಜ್ಞಾನವೇ ಪ್ರಮಾಣ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ 5 ಜ್ಞಾನಗಳನ್ನು ಹೇಳಿ, ಅವುಗಳನ್ನೇ ಪ್ರಮಾಣವೆಂದು ಕರೆದಿದೆ. ಮತಿ, ಶ್ರುತ ಪರೋಕ್ಷ. ಅವಧಿ, ಮನಃಪರ್ಯಯ, ಕೇವಲ ಪ್ರತ್ಯಕ್ಷ. ಕಣ್ಣಾರೆ ಕಂಡದ್ದು ಇಂದ್ರಿಯದ ಸಹಾಯದಿಂದ ತಿಳಿದದ್ದಾದ್ದರಿಂದ ಮೂಲತಃ ಪರೋಕ್ಷವೇ. ಲೋಕವ್ಯವಹಾರಕ್ಕಾಗಿ ಅದನ್ನು ‘ಸಾಂವ್ಯವಹಾರಿಕ ಪ್ರತ್ಯಕ್ಷ’ ಎಂದು ಒಪ್ಪಲಾಗಿದೆ. ಆಚಾರ್ಯ ಅಕಲಂಕರ ಪರಂಪರೆಯಲ್ಲಿ ಪರೋಕ್ಷಕ್ಕೆ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ 5 ಭೇದಗಳಿವೆ. ಇಲ್ಲಿ ‘ಅನುಮಾನ’ ಎಂದರೆ ಶಂಕೆಯಲ್ಲ. ಹೊಗೆ ಕಂಡು ಬೆಂಕಿ ಇದೆಯೆಂದು ನಿಶ್ಚಯಿಸುವುದು.

ನ್ಯಾಯಾಲಯದ ಮಾತು ಬೇರೆ. ಅಲ್ಲಿ ‘ಸಾಕ್ಷ್ಯ’ ಎಂದರೆ ಹೇಳಿಕೆ, ದಾಖಲೆ. ವಿಚಾರಣೆಗೆ ತೆಗೆದುಕೊಳ್ಳಲು ಕಾನೂನು ಒಪ್ಪುವುದು ‘ಗ್ರಾಹ್ಯ ಸಾಕ್ಷ್ಯ’. 1872ರ ಕಾಯ್ದೆಯ ಬದಲು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಕಂಡ ಸಂಗತಿಯನ್ನು ಕಂಡವರೇ ಹೇಳಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಗ್ರಾಹ್ಯವಾದ ಮಾತ್ರಕ್ಕೆ ಅದು ಸತ್ಯವೆಂದಾಗದು. ತೂಗಿ ನೋಡುವುದು ಬಾಕಿ ಇರುತ್ತದೆ.

ಹಾಗಾದರೆ ಆಗಮವನ್ನು ಕೇಳಿಯೇ ಏಕೆ ನಂಬುವುದು? ಅದು ಆಪ್ತನ ವಚನ. ಆಪ್ತನೆಂದರೆ ಬೇಕಾದವನಲ್ಲ; ರಾಗದ್ವೇಷವಿಲ್ಲದ ಸರ್ವಜ್ಞ. ಹೇಳುವವನಲ್ಲಿ ಪಕ್ಷಪಾತವಿದ್ದರೆ ಮಾತಿನ ಬೆಲೆ ಅಷ್ಟಕ್ಕೆ ಕುಗ್ಗುತ್ತದೆ.

ಇದು ಪಂಡಿತರಿಗಷ್ಟೇ ಬೇಕಾದ ವಿಷಯವಲ್ಲ. ಬಸದಿಯ ಲೆಕ್ಕದಲ್ಲಿ ಹಣ ಕಡಿಮೆ ಬಂದಿದೆ ಎಂಬ ಸುದ್ದಿ ಮೊಬೈಲಿನಲ್ಲಿ ಹರಡಿತೆನ್ನಿ. ರಶೀದಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ತಾಳೆ ನೋಡುವ ಮೊದಲೇ ಒಬ್ಬರನ್ನು ಕಳ್ಳರೆಂದರೆ, ಸಂಶಯವನ್ನೇ ಪ್ರಮಾಣ ಮಾಡಿದಂತಾಯಿತು. ಒಂದು ಕಡೆಯಿಂದ ನೋಡಿದ್ದು ‘ನಯ’. ಉಳಿದ ಕಡೆಗಳನ್ನು ಅಲ್ಲಗಳೆದರೆ ಅದು ‘ದುರ್ನಯ’. ಸುಳ್ಳು ಬರಹ ಸೃಷ್ಟಿಸುವ ‘ಕೂಟಲೇಖಕ್ರಿಯೆ’ಯಂತೂ ಸತ್ಯಾಣುವ್ರತದ ಅತಿಚಾರ.

ಯಾರು ಕಂಡರು, ಹೇಗೆ ತಿಳಿಯಿತು, ಹೇಳುವವರಿಗೆ ದ್ವೇಷವಿದೆಯೇ? ಈ ಮೂರನ್ನು ಕೇಳಿದ ಮೇಲೆ ಮಾತಾಡಿದರೆ ಒಬ್ಬರ ಮಾನವೂ ಉಳಿಯುತ್ತದೆ, ಶ್ರಾವಕರ ವ್ರತವೂ ಉಳಿಯುತ್ತದೆ.