ಗೂಡ್ಸ್ ವ್ಯಾಗನ್ ಎಷ್ಟು ಭಾರ ಹೊರುತ್ತದೆ?

ಸೊಲ್ಲಾಪುರದಿಂದ ಹೊರಟ ರೈಲು ದಾರಿ ಅಕ್ಕಲಕೋಟೆ ರೋಡ್, ಕಲಬುರಗಿ, ವಾಡಿ, ಕೃಷ್ಣಾ, ರಾಯಚೂರು, ಆದವಾನಿ ದಾಟಿ ಗುಂತಕಲ್ಲು ಸೇರುವಷ್ಟರಲ್ಲಿ ನಾಲ್ಕು ರಾಜ್ಯಗಳ ನೆಲವನ್ನು ಮುಟ್ಟಿರುತ್ತದೆ. ದಾರಿಯುದ್ದಕ್ಕೂ ಹಳಿಯ ಪಕ್ಕದ ಹೊಲಗಳಲ್ಲಿ ಕನ್ನಡ ಮಾತು ಕೇಳುತ್ತದೆ. ಗೇಟು ಬಿದ್ದಾಗ ಗೂಡ್ಸ್ ರೈಲಿನ ಡಬ್ಬಿ ಎಣಿಸದೆ ಬೆಳೆದವರು ನಮ್ಮಲ್ಲಿ ಕಡಿಮೆ.

ಮೇಲ್ಸೇತುವೆಯ ಮೇಲೆ ನಿಂತು ನೋಡಿದವರಿಗೆ ಒಂದು ವಿಚಿತ್ರ ಕಂಡಿರಬಹುದು. ಕಲ್ಲಿದ್ದಲು ತುಂಬಿದ ವ್ಯಾಗನ್ ಅಂಚಿನವರೆಗೂ ತುಂಬಿರುತ್ತದೆ. ಅಂಥದ್ದೇ ವ್ಯಾಗನ್‌ನಲ್ಲಿ ಕಬ್ಬಿಣದ ಅದಿರು ಅರ್ಧದ ಆಸುಪಾಸಿನಲ್ಲೇ ನಿಂತಿರುತ್ತದೆ. ಇಷ್ಟು ಜಾಗ ಖಾಲಿ ಇದ್ದರೂ ಏಕೆ ತುಂಬುವುದಿಲ್ಲ? ಉತ್ತರ ಡಬ್ಬಿಯೊಳಗಿಲ್ಲ, ಚಕ್ರದ ಕೆಳಗಿದೆ.

ಅಚ್ಚಿನ ಲೆಕ್ಕ

ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಡಿಯ ಮೇಲೆ ಇನ್ನೂ ಹತ್ತು ಚೀಲ ಹಿಡಿಸಬಹುದು, ಆದರೆ ಅಚ್ಚು ತಡೆಯಬೇಕು, ದಾರಿಯೂ ತಡೆಯಬೇಕು. ರೈಲ್ವೆಯಲ್ಲೂ ಅಷ್ಟೇ. ಒಂದು ಅಚ್ಚು, ಅಂದರೆ ಎರಡು ಚಕ್ರಗಳ ಜೋಡಿ, ಹಳಿಯ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದೇ ಮೂಲ ಮಿತಿ. ಇದಕ್ಕೆ ಆಕ್ಸಲ್ ಲೋಡ್ ಎನ್ನುತ್ತಾರೆ. ಹಳಿಯ ದಪ್ಪ, ಸ್ಲೀಪರ್, ಅದರಡಿಯ ಜಲ್ಲಿ, ಸೇತುವೆಗಳ ಶಕ್ತಿ, ಎಲ್ಲವನ್ನೂ ನೋಡಿ ಈ ಮಿತಿಯನ್ನು ಗೊತ್ತುಮಾಡುತ್ತಾರೆ.

1980ರ ದಶಕದಲ್ಲಿ ಬಂದ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನನ್ನೇ ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಅಚ್ಚು. ಒಂದು ಅಚ್ಚಿಗೆ 20.32 ಟನ್ನಿನಂತೆ ಒಟ್ಟು ಭಾರ 81.28 ಟನ್ ಮೀರಬಾರದು. ವ್ಯಾಗನ್ನಿನ ಖಾಲಿ ತೂಕವೇ 22.47 ಟನ್. ಅದನ್ನು ಕಳೆದರೆ ಮಾಲಿಗೆ ಉಳಿಯುವುದು 58.81 ಟನ್.

ಅದಿರು ತೂಕದ ವಸ್ತು. ಆದ್ದರಿಂದ ಜಾಗ ತುಂಬುವ ಮೊದಲೇ ಭಾರದ ಮಿತಿ ಮುಗಿಯುತ್ತದೆ. ವಾಡಿ ಕಡೆಯಿಂದ ಮುಚ್ಚಿದ ವ್ಯಾಗನ್‌ನಲ್ಲಿ ಹೋಗುವ ಸಿಮೆಂಟ್ ಚೀಲಗಳೂ ಸೂರು ಮುಟ್ಟುವುದಿಲ್ಲ. ಆದವಾನಿಯ ಹತ್ತಿಯದು ತದ್ವಿರುದ್ಧ. ಅಲ್ಲಿ ಜಾಗ ಮೊದಲು ಮುಗಿಯುತ್ತದೆ, ಭಾರದ ಮಿತಿ ಇನ್ನೂ ಬಾಕಿ ಇರುತ್ತದೆ.

ಮಿತಿ ಏರಿದ ಬಗೆ

ಐವತ್ತು ದಾಟಿದವರಿಗೆ ನಾಲ್ಕೇ ಗಾಲಿಯ ಹಳೆಯ ಡಬ್ಬಿಗಳು ನೆನಪಿರಬೇಕು. ಅವು ಹೊರುತ್ತಿದ್ದದ್ದು ಸುಮಾರು 22 ಟನ್. ಬಾಕ್ಸ್‌ಎನ್ ಬಂದ ಮೇಲೆ ಅದು ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು.

2005ರಲ್ಲಿ ಇನ್ನೊಂದು ಬದಲಾವಣೆ ಬಂತು. ಲಾಲು ಪ್ರಸಾದ್ ರೈಲ್ವೆ ಮಂತ್ರಿಯಾಗಿದ್ದ ಕಾಲ. ಬಳ್ಳಾರಿ, ಹೊಸಪೇಟೆ, ಓಬಳಾಪುರ ಸೀಮೆಯ ಅದಿರಿಗೆ ಚೀನಾದಿಂದ ಭಾರೀ ಬೇಡಿಕೆ ಇತ್ತು. ಆರಿಸಿದ ಅದಿರು ಮಾರ್ಗಗಳಲ್ಲಿ ವ್ಯಾಗನ್ ಮೇಲೆ ಬರೆದ ಮಿತಿಗಿಂತ ಎಂಟು ಟನ್ ಹೆಚ್ಚು ಹೇರಲು ರೈಲ್ವೆ ಅನುಮತಿ ಕೊಟ್ಟಿತು. ಅಚ್ಚಿನ ಮೇಲಿನ ಭಾರ 22.9 ಟನ್ನಿಗೆ ಹೋಯಿತು. ಹೊಸ ವ್ಯಾಗನ್ ಕೊಳ್ಳದೆಯೇ ಆದಾಯ ಏರಿತು. ಹಳಿ ಮತ್ತು ಚಕ್ರ ಬೇಗ ಸವೆಯುತ್ತವೆ ಎಂಬ ಮಾತೂ ಅಂದಿನಿಂದಲೇ ನಡೆದುಬಂದಿದೆ.

ಮುಂದೆ ಬಂದ ಬಾಕ್ಸ್‌ಎನ್‌ಎಚ್‌ಎಲ್ ವ್ಯಾಗನ್ನುಗಳನ್ನು ಹಗುರಾದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರು. ಖಾಲಿ ತೂಕ 20.6 ಟನ್. ನಾಲ್ಕು ಅಚ್ಚಿನ 91.6 ಟನ್ನಿನಲ್ಲಿ ಅದನ್ನು ಕಳೆದರೆ 71 ಟನ್ ಮಾಲು. ಸಿಮೆಂಟಿನ ಲೆಕ್ಕದಲ್ಲಿ ಹೇಳಿದರೆ 1,420 ಚೀಲದ ತೂಕ. ಇಂಥ 58 ವ್ಯಾಗನ್ನುಗಳ ಒಂದು ರೈಲು 4,118 ಟನ್ ಹೊರುತ್ತದೆ. ಇದನ್ನು ರಸ್ತೆಯಲ್ಲಿ ಸಾಗಿಸಲು ಹತ್ತು ಗಾಲಿಯ ಲಾರಿಗಳು ಇನ್ನೂರಕ್ಕೂ ಹೆಚ್ಚು ಬೇಕು. 2018ರಲ್ಲಿ ಮಿತಿ ಏರಿಸಿದ ಮೇಲೂ ನಾಲ್ಕು ಟೈರಿನ ಲಾರಿ ಅಚ್ಚಿಗೆ ಇರುವ ಮಿತಿ 11.5 ಟನ್. ರೈಲಿನ ಅಚ್ಚು ಅದರ ಎರಡರಷ್ಟು ಹೊರುತ್ತದೆ.

ಸರಕಿಗೆಂದೇ ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಹಾಕಿರುವ ಪ್ರತ್ಯೇಕ ಕಾರಿಡಾರ್‌ಗಳಲ್ಲಿ ಅಚ್ಚಿಗೆ 25 ಟನ್ ಸಾಗುತ್ತದೆ. ಆಸ್ಟ್ರೇಲಿಯಾದ ಪಿಲ್ಬಾರಾದ ಅದಿರು ರೈಲುಗಳಲ್ಲಿ ಇದು 40 ಟನ್ ಮುಟ್ಟಿದೆ. ಅಲ್ಲಿ ಹಳಿ, ಸೇತುವೆಗಳನ್ನು ಕಟ್ಟಿದ್ದೇ ಅಂಥ ಭಾರಕ್ಕೆ.

ವ್ಯಾಗನ್ ಹೊತ್ತರೂ ಎಂಜಿನ್ ಎಳೆಯಬೇಕಲ್ಲ? ಗೋವಾ ದಾರಿಯ ಕ್ಯಾಸಲ್‌ರಾಕ್–ಕುಳೆ ಘಟ್ಟದಲ್ಲಿ 37 ಅಡಿ ಸಾಗಿದರೆ ಒಂದು ಅಡಿ ಏರು. ಭಾರದ ರೈಲು ಅಲ್ಲಿ ಹತ್ತಬೇಕಾದರೆ ಹೆಚ್ಚುವರಿ ಎಂಜಿನ್ ಜೋಡಿಸಲೇಬೇಕು. ಇಳಿಯುವಾಗ ಬ್ರೇಕಿನ ಶಕ್ತಿಯೇ ಮುಖ್ಯ.

ಮೀರಿದರೆ ಏನಾಗುತ್ತದೆ?

ಹೆಚ್ಚು ಹೇರಿದ ವ್ಯಾಗನ್ ಹೊರಗಿನಿಂದ ಮಾಮೂಲಿನಂತೆಯೇ ಕಾಣುತ್ತದೆ. ಅಪಾಯ ಇರುವುದೇ ಇಲ್ಲಿ. ಅತಿಭಾರದಿಂದ ಚಕ್ರದ ಬೇರಿಂಗ್ ಕಾದು ಕೆಂಪಾಗಿ, ಅಚ್ಚು ತುಂಡಾಗಬಹುದು. ಹಳಿಯೊಳಗಿನ ಕೂದಲೆಳೆಯಷ್ಟು ಬಿರುಕು ಬೆಳೆಯುತ್ತದೆ. ಚಳಿಗಾಲದ ಬೆಳಗಿನ ಜಾವ ಹಳಿ ಕುಗ್ಗುವಾಗ ಅಂಥ ಬಿರುಕೇ ಮುರಿತವಾಗುತ್ತದೆ. ಅದೇ ಹಳಿಯ ಮೇಲೆ ಹಿಂದೆಯೇ ಪ್ಯಾಸೆಂಜರ್ ರೈಲು ಬರುತ್ತದೆ. ಭಾರವನ್ನು ಒಂದೇ ಪಕ್ಕಕ್ಕೆ ಹೇರಿದರೂ ಅಪಾಯವೇ. ತೆರೆದ ವ್ಯಾಗನ್ನಿನ ಮಾಲು ಮಳೆನೀರು ಕುಡಿದರೆ ತೂಕ ತಾನಾಗಿಯೇ ಏರುತ್ತದೆ.

ಇದಕ್ಕಾಗಿಯೇ ರೈಲು ಚಲಿಸುತ್ತಿರುವಾಗಲೇ ತೂಗುವ ವೇಬ್ರಿಡ್ಜ್‌ಗಳಿವೆ. 1989ರ ರೈಲ್ವೆ ಕಾಯ್ದೆಯ 72ನೇ ಕಲಮಿನ ಪ್ರಕಾರ ಹೊರುವ ಮಿತಿಯನ್ನು ವ್ಯಾಗನ್ನಿನ ಹೊರಮೈ ಮೇಲೆ ಬರೆದಿರಬೇಕು. 73ನೇ ಕಲಮು ಮೀರಿ ಹೇರಿದ್ದಕ್ಕೆ ಬಾಡಿಗೆಯ ಜೊತೆಗೆ ದಂಡ ಹಾಕುತ್ತದೆ. ಹೆಚ್ಚಿನ ಮಾಲನ್ನು ದಾರಿಯಲ್ಲೇ ಇಳಿಸಿ, ಅದರ ಖರ್ಚನ್ನೂ ವಸೂಲು ಮಾಡಬಹುದು.

ನೀವೇ ಓದಿ ನೋಡಿ

ಮುಂದಿನ ಸಲ ಗೂಡ್ಸ್ ನಿಂತಿದ್ದರೆ, ದೂರದಿಂದಲೇ ವ್ಯಾಗನ್ನಿನ ಪಕ್ಕ ಗಮನಿಸಿ. ಸಿ.ಸಿ. ಎಂದರೆ ಹೊರುವ ಮಿತಿ, ಟೇರ್ ಎಂದರೆ ಖಾಲಿ ತೂಕ. ಹನ್ನೊಂದು ಅಂಕಿಯ ಸಂಖ್ಯೆಯೂ ಇರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ, ಮುಂದಿನ ಎರಡು ಯಾವ ವಲಯಕ್ಕೆ ಸೇರಿದ್ದು ಎಂದು ಹೇಳುತ್ತವೆ. ಐದು ಮತ್ತು ಆರನೆಯ ಅಂಕಿಗಳು ಅದು ತಯಾರಾದ ವರ್ಷ.

ಹೋಗುತ್ತಿರುವ ಗೂಡ್ಸ್‌ನ ಚಕ್ರದ ಬಳಿ ಹೊಗೆ, ಕಿಡಿ ಅಥವಾ ಸುಟ್ಟ ವಾಸನೆ ಕಂಡರೆ ಸುಮ್ಮನಿರಬೇಡಿ. ಬೇರಿಂಗ್ ಕಾದಿರಬಹುದು, ಬ್ರೇಕ್ ಅಂಟಿಕೊಂಡಿರಬಹುದು. ಗೇಟ್‌ಮನ್‌ಗೆ ಕೂಗಿ ಹೇಳಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಕನ್ನಡದಲ್ಲೋ ತೆಲುಗಿನಲ್ಲೋ ಮರಾಠಿಯಲ್ಲೋ, ಬಾಯಿಗೆ ಬಂದ ಭಾಷೆಯಲ್ಲಿ ಹೇಳಿದರಾಯಿತು. ಆ ಒಂದು ಮಾತು ಹಿಂದೆ ಬರುವ ರೈಲಿನಲ್ಲಿ ಕೂತ ನಮ್ಮೂರಿನವರನ್ನೇ ಉಳಿಸಬಹುದು.